ಸ್ಲಾವಿಕ್ ಜಾನಪದದ ಫ್ಯಾಂಟಸಿ: ಯಾರಿಗೆ ಯಾವ ಪುಸ್ತಕ ಮೊದಲು?

ಒರಳಿನಲ್ಲಿ ಕೂತು, ಒನಕೆಯಿಂದ ನೆಲ ದೂಡುತ್ತ, ಹಿಂದೆ ಉಳಿದ ಜಾಡನ್ನು ಪೊರಕೆಯಿಂದ ಗುಡಿಸಿಹಾಕುತ್ತ ಬರುವ ಮುದುಕಿ ಬಾಬಾ ಯಾಗಾ. ಕೋಳಿಕಾಲಿನ ಮೇಲೆ ಗಿರ್ರನೆ ತಿರುಗುವ ಅವಳ ಗುಡಿಸಲು. ಸೂಜಿಯ ತುದಿಯಲ್ಲಿ ತನ್ನ ಸಾವನ್ನು ಬಚ್ಚಿಟ್ಟ ಕೊಶ್ಚೆಯ್. ಹದಿಹರೆಯದವರಿಗೆಂದು ಇಂಗ್ಲಿಷಿನಲ್ಲಿ ಬರುವ ಫ್ಯಾಂಟಸಿ ಕಾದಂಬರಿಗಳಲ್ಲಿ ಕಳೆದ ಹತ್ತು-ಹನ್ನೆರಡು ವರ್ಷಗಳಿಂದ ಇವರದೇ ಓಡಾಟ. ರಕ್ಷಾಪುಟ ತಿರುಗಿಸಿದರೆ ಎಲ್ಲದರ ಬೆನ್ನ ಮೇಲೂ ಒಂದೇ ಮಾತು: ‘ಸ್ಲಾವಿಕ್ ಜಾನಪದದಿಂದ ಪ್ರೇರಿತ’. ಅಂದರೆ ರಷ್ಯ, ಪೋಲೆಂಡ್, ಉಕ್ರೇನ್ ಕಡೆಯ ಜನಪದ ಕಥೆಗಳು. ಒಳಗಿರುವುದು ಮಾತ್ರ ಒಂದೇ ಅಲ್ಲ. ಒಂದರಲ್ಲಿ ಜಾನಪದವೇ ಕಥೆಯ ಬೆನ್ನೆಲುಬು, ಇನ್ನೊಂದರಲ್ಲಿ ಅದು ಕಾಡಿನ ಮಣ್ಣಿನ ವಾಸನೆಯಂತೆ ಹಬ್ಬಿಕೊಂಡಿರುತ್ತದೆ, ಮತ್ತೊಂದರಲ್ಲಿ ಪಾತ್ರಗಳು ತೊಟ್ಟ ಕೋಟಿಗಿಂತ ಆಳಕ್ಕೆ ಇಳಿದಿರುವುದಿಲ್ಲ. ಇದು ತಿಳಿಯದೆ ಕೊಂಡವರು ಒಳ್ಳೆಯ ಪುಸ್ತಕವನ್ನೇ ಅರ್ಧಕ್ಕೆ ಬಿಡುತ್ತಾರೆ.

ಆತುರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇವೆ. ಓದುವವರಿಗೆ ಹದಿಮೂರೋ ಹದಿನಾಲ್ಕೋ ಆಗಿದ್ದು, ಓಟದ ಕಥೆ ಬೇಕು, ಇಂಗ್ಲಿಷ್ ಸರಳವಾಗಿರಬೇಕು ಅಂದರೆ ಲೀ ಬಾರ್ಡೂಗೊ ಅವರ ‘ಶಾಡೋ ಅಂಡ್ ಬೋನ್’. ನಿಜವಾದ ಹಳ್ಳಿ, ನಿಜವಾದ ನಂಬಿಕೆ, ನಿಜವಾದ ಚಳಿ ಬೇಕೆಂದರೆ ಕ್ಯಾಥರೀನ್ ಆರ್ಡೆನ್ ಅವರ ‘ದಿ ಬೇರ್ ಅಂಡ್ ದ ನೈಟಿಂಗೇಲ್’. ಸರಣಿಯ ತಂಟೆ ಬೇಡ, ಒಂದೇ ಸಂಪುಟದಲ್ಲಿ ಮುಗಿಯಬೇಕು ಎನ್ನುವವರಿಗೆ ನವೋಮಿ ನೋವಿಕ್ ಅವರ ‘ಅಪ್‌ರೂಟೆಡ್’. ಅದೇ ಲೇಖಕಿಯ ‘ಸ್ಪಿನ್ನಿಂಗ್ ಸಿಲ್ವರ್’ ಇವೆಲ್ಲಕ್ಕಿಂತ ಮಾಗಿದ ಪುಸ್ತಕ, ಆದರೆ ಮೊದಲ ಪುಸ್ತಕವಾಗಿ ಕೊಡಬೇಡಿ. ಯಾಕೆಂದು ಮುಂದೆ ನೋಡೋಣ.

ಒಲೆಯ ಪಕ್ಕದಿಂದ ಹೊರಡುವ ಕಥೆ

ಆರ್ಡೆನ್ ಅವರದು ಮೂರು ಪುಸ್ತಕಗಳ ಸರಣಿ. 2017ರ ಆರಂಭದಲ್ಲಿ ‘ದಿ ಬೇರ್ ಅಂಡ್ ದ ನೈಟಿಂಗೇಲ್’, ಅದೇ ವರ್ಷದ ಕೊನೆಗೆ ‘ದ ಗರ್ಲ್ ಇನ್ ದ ಟವರ್’, 2019ರಲ್ಲಿ ‘ದ ವಿಂಟರ್ ಆಫ್ ದ ವಿಚ್’. ಕಾಲ ಹದಿನಾಲ್ಕನೇ ಶತಮಾನ. ಮಾಸ್ಕೋ ಇನ್ನೂ ಮರದ ಮನೆಗಳ ಊರು, ರಷ್ಯದ ರಾಜರು ಮಂಗೋಲರ ‘ಸುವರ್ಣ ತಂಡ’ಕ್ಕೆ ಕಪ್ಪ ಕೊಡುತ್ತಿದ್ದ ದಿನಗಳು. ಸರಣಿಯ ಕೊನೆ ಬಂದು ನಿಲ್ಲುವುದು ರಷ್ಯನ್ನರು ಮಂಗೋಲರ ವಿರುದ್ಧ ಹೋರಾಡಿದ 1380ರ ಕುಲಿಕೊವೊ ಯುದ್ಧದಲ್ಲಿ. ಅಂದರೆ ಊರು, ರಾಜ, ಯುದ್ಧ ಇತಿಹಾಸದ್ದೇ. ಸೇರಿಸಿದ್ದು ಮನೆದೈವಗಳನ್ನು ಮಾತ್ರ, ಅವನ್ನೂ ಲೇಖಕಿ ಕಲ್ಪಿಸಿದ್ದಲ್ಲ, ಜನ ನಂಬುತ್ತಿದ್ದವು.

ಮೊದಲ ಅಧ್ಯಾಯದಲ್ಲೇ ದಾದಿ ದುನ್ಯಾ ಚಳಿಗಾಲದ ರಾತ್ರಿ ದೊಡ್ಡ ಒಲೆಯ ಬಳಿ ಮಕ್ಕಳನ್ನು ಕೂರಿಸಿಕೊಂಡು ಮೊರೊಜ್ಕೊ ಕಥೆ ಹೇಳುತ್ತಾಳೆ. ಮೂಲ ಜಾನಪದದಲ್ಲಿ ಆ ಕಥೆ ಹೀಗಿದೆ: ಮಲತಾಯಿಯ ಮಾತಿಗೆ ಮಣಿದ ಮುದುಕ ಮಗಳನ್ನು ಹಿಮದ ಕಾಡಿನಲ್ಲಿ ಬಿಟ್ಟು ಬರುತ್ತಾನೆ. ಮರದಿಂದ ಮರಕ್ಕೆ ಚಟಚಟನೆ ಹಾರುತ್ತ ಬಂದ ಚಳಿಯ ಒಡೆಯ ಮೊರೊಜ್ಕೊ, ಬೆಚ್ಚಗಿದ್ದೀಯಾ ಮಗಳೇ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಹಲ್ಲು ಕಟಕಟಿಸುತ್ತಿದ್ದರೂ ಅವಳು ವಿನಯದಿಂದ ಹೌದೆನ್ನುತ್ತಾಳೆ. ತುಪ್ಪಳದ ಉಡುಪು, ಪೆಟ್ಟಿಗೆ ತುಂಬ ಉಡುಗೊರೆ ಅವಳ ಪಾಲಾಗುತ್ತವೆ. ಮಲತಾಯಿಯ ಸ್ವಂತ ಮಗಳು ಹೋಗಿ ಸಿಡುಕುತ್ತಾಳೆ, ಹೆಪ್ಪುಗಟ್ಟಿ ಸಾಯುತ್ತಾಳೆ. ಈ ವಿನಯದ ಪಾಠವನ್ನೇ ಆರ್ಡೆನ್ ತಿರುವಿಹಾಕಿದ್ದಾರೆ. ಅವರ ನಾಯಕಿ ವಾಸ್ಯಾ ತಲೆಬಾಗಿ ಹೂಂಗುಟ್ಟುವ ಹುಡುಗಿಯಲ್ಲ.

ಒಲೆಯ ಹಿಂದೆ ಇರುವವನು ದೊಮೊವೊಯ್, ಮನೆ ಕಾಯುವ ಪುಟ್ಟ ಮುದುಕ. ಕುದುರೆ ಲಾಯಕ್ಕೆ ವಜಿಲಾ, ಸ್ನಾನದ ಮನೆಗೆ ಬನ್ನಿಕ್, ನೀರಿಗೆ ರುಸಾಲ್ಕಾ, ಕಾಡಿಗೆ ಲೆಶಿ. ಇವರಿಗೆಲ್ಲ ಒಂದು ತುಂಡು ಬ್ರೆಡ್ಡು, ಒಂದಿಷ್ಟು ಹಾಲು ಇಟ್ಟರೆ ಸಾಕು. ಮಲೆನಾಡಿನ ಚೌಡಿಗೆ ಎಡೆ ಇಡುವುದನ್ನು ಕಂಡು ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಊರಿಗೆ ಬಂದ ಪಾದ್ರಿ ಕೊನ್‌ಸ್ಟಂಟೀನ್ ಇದೆಲ್ಲ ಪಾಪ ಎಂದು ಬೋಧಿಸುತ್ತಾನೆ, ಜನ ಎಡೆ ನಿಲ್ಲಿಸುತ್ತಾರೆ, ದೈವಗಳು ಸೊರಗುತ್ತವೆ, ಕಾವಲು ಸಡಿಲವಾಗುತ್ತಿದ್ದಂತೆ ಸತ್ತವರು ಎದ್ದು ಬರತೊಡಗುತ್ತಾರೆ. ಪುಸ್ತಕದ ಬಲ ಇರುವುದು ಇಲ್ಲಿ. ಮಾಯೆ ಯಾರದೋ ಬೆರಳ ತುದಿಯಿಂದ ಚಿಮ್ಮುವುದಿಲ್ಲ, ಊರಿನ ನಡವಳಿಕೆ ಬದಲಾದದ್ದರ ಫಲವಾಗಿ ಬರುತ್ತದೆ. ಹೊಸ ಧರ್ಮದ ಅಡಿಯಲ್ಲೇ ಹಳೆಯ ನಂಬಿಕೆಯೂ ಉಸಿರಾಡುತ್ತಿದ್ದ ಆ ಸ್ಥಿತಿಯನ್ನು ರಷ್ಯನ್ನರು ‘ಇಬ್ಬಗೆಯ ನಂಬಿಕೆ’ ಎಂದೇ ಕರೆದಿದ್ದಾರೆ.

ಅಡಚಣೆ ಎರಡು. ಒಂದು, ನಿಧಾನ. ವಾಸ್ಯಾ ಹುಟ್ಟುವ ಮೊದಲಿನಿಂದ ಕಥೆ ಶುರುವಾಗುತ್ತದೆ, ಅಪ್ಪ ಮಾಸ್ಕೋಗೆ ಹೋಗಿ ಎರಡನೇ ಹೆಂಡತಿಯನ್ನು ತರುತ್ತಾನೆ, ಪಾದ್ರಿ ಬರುವ ಹೊತ್ತಿಗೆ ನೂರು ಪುಟದ ಸುತ್ತಮುತ್ತ ಇರುತ್ತೀರಿ. ಆಮೇಲೆ ಕೆಳಗಿಡಲಾಗುವುದಿಲ್ಲ. ಸುಮಾರು 320 ಪುಟದ ಪುಸ್ತಕಕ್ಕೆ ಮೊದಲ ನೂರು ಪುಟದ ತಾಳ್ಮೆ ಬೇಕು ಎಂದು ಕೊಡುವಾಗಲೇ ಹೇಳಿ ಕೊಡಿ.

ಎರಡನೆಯದು ಹೆಸರುಗಳು. ವಾಸಿಲೀಸಾ ಪೆತ್ರೊವ್ನಾ, ವಾಸ್ಯಾ, ವಾಸೊಚ್ಕಾ ಮೂರೂ ಒಬ್ಬಳೇ. ಅಲೆಕ್ಸಾಂದ್ರ್ ಎಂದರೂ ಸಾಶಾ ಎಂದರೂ ಒಬ್ಬನೇ ಅಣ್ಣ. ‘ಪೆತ್ರೊವ್ನಾ’ ಮನೆತನದ ಹೆಸರಲ್ಲ, ಪ್ಯೋತ್ರ್‌ನ ಮಗಳು ಎಂದರ್ಥ. ಗಂಡಾದರೆ ‘ಪೆತ್ರೊವಿಚ್’. ರಂಗನಾಥ, ರಂಗಣ್ಣ, ರಂಗ ಒಬ್ಬನೇ ಎಂದು ನಮಗೆ ಗೊತ್ತಾಗುವಂತೆ ಅವರಿಗೂ ಗೊತ್ತಾಗುತ್ತದೆ, ಹೊರಗಿನವರಿಗೆ ಆಗುವುದಿಲ್ಲ, ಅಷ್ಟೆ. ಪುಸ್ತಕದ ಕೊನೆಯಲ್ಲಿ ಪದಕೋಶವಿದೆ. ಮೊದಲ ದಿನವೇ ಅಲ್ಲೊಂದು ಗುರುತುಪಟ್ಟಿ ಇಟ್ಟುಕೊಳ್ಳಿ, ಒಳರಕ್ಷಾಪುಟದ ಮೇಲೆ ಪೆನ್ಸಿಲಿನಲ್ಲಿ ಅಪ್ಪ, ಅಮ್ಮ, ಐದು ಮಕ್ಕಳ ವಂಶವೃಕ್ಷ ಬರೆದುಕೊಳ್ಳಿ. ಐದು ನಿಮಿಷದ ಕೆಲಸ, ಮೂರೂ ಪುಸ್ತಕಕ್ಕೆ ಸಾಕಾಗುತ್ತದೆ.

ಪ್ರಕಾಶಕರು ಇದನ್ನು ವಯಸ್ಕರ ವಿಭಾಗದಲ್ಲಿ ಹೊರತಂದರು, ಆದರೆ ಓದಿ ಬೆಳೆಸಿದವರಲ್ಲಿ ಹದಿಹರೆಯದವರೂ ಇದ್ದಾರೆ. ಹದಿನೈದರ ಮೇಲಿನವರಿಗೆ ನಿಶ್ಚಿಂತೆಯಿಂದ ಕೊಡಬಹುದು. ಹೆರಿಗೆಯ ಸಾವು, ಬಲವಂತದ ಮದುವೆಯ ಬೆದರಿಕೆ ಮೊದಲನೆಯದರಲ್ಲೇ ಬರುತ್ತವೆ. ಮೂರನೆಯದರ ಆರಂಭ ಇಡೀ ಸರಣಿಯಲ್ಲಿ ಅತ್ಯಂತ ಕ್ರೂರವಾದ ಭಾಗ, ಕುದುರೆಗಳನ್ನು ಪ್ರೀತಿಸುವ ಮಕ್ಕಳಿಗೆ ವಿಶೇಷವಾಗಿ ಕಷ್ಟ.

ಪೋಲೆಂಡಿನ ಕಾಡು

ಸ್ಲಾವಿಕ್ ಎಂದರೆ ರಷ್ಯ ಎಂದುಕೊಂಡವರ ತಪ್ಪನ್ನು ತಿದ್ದುವ ಪುಸ್ತಕ ‘ಅಪ್‌ರೂಟೆಡ್’ (2015). ಪೋಲಿಷ್, ಉಕ್ರೇನಿಯನ್, ಜೆಕ್, ಸರ್ಬಿಯನ್ ಎಲ್ಲವೂ ಸ್ಲಾವಿಕ್ ಭಾಷೆಗಳೇ, ಒಂದೊಂದರ ಕಥೆಗೂ ಒಂದೊಂದು ಬಣ್ಣ. ನೋವಿಕ್ ಅಮೆರಿಕದಲ್ಲಿ ಪೋಲಿಷ್ ಕಥೆಗಳನ್ನು ಕೇಳಿ ಬೆಳೆದವರು. ಇಲ್ಲಿನ ದೇಶ ಪೊಲ್ನ್ಯಾ, ಪಕ್ಕದ ವೈರಿ ರೊಸ್ಯಾ. ಯಾವುದು ಯಾವುದೆಂದು ಹೇಳಬೇಕಾಗಿಲ್ಲ. ಬಾಬಾ ಯಾಗಾ ಇಲ್ಲಿ ‘ಯಾಗಾ’ ಎಂಬ ಹಳೆಯ ಮಾಟಗಾರ್ತಿ, ಅವಳು ಬಿಟ್ಟುಹೋದ ಮಂತ್ರಗಳ ಹೊತ್ತಗೆಯ ರೂಪದಲ್ಲಿ ಬರುತ್ತಾಳೆ.

ನಾಯಕಿಯ ಹೆಸರು ಅಗ್ನ್ಯೆಶ್ಕಾ. ಇಂಗ್ಲಿಷ್ ಓದುಗರು ಎಡವುವ ಹೆಸರು ಇದು, ಕನ್ನಡ ಲಿಪಿಯಲ್ಲಿ ಹೇಗಿದೆಯೋ ಹಾಗೆ ಬಂದುಬಿಡುತ್ತದೆ. ಹತ್ತು ವರ್ಷಕ್ಕೊಮ್ಮೆ ಕಣಿವೆಯ ಹದಿನೇಳರ ಹುಡುಗಿಯೊಬ್ಬಳನ್ನು ‘ಡ್ರ್ಯಾಗನ್’ ತನ್ನ ಗೋಪುರಕ್ಕೆ ಕರೆದೊಯ್ಯುತ್ತಾನೆ. ಕೊಳ್ಳುವವರು ಗಮನಿಸಬೇಕು: ಅದು ಮಾಂತ್ರಿಕನೊಬ್ಬನ ಬಿರುದು. ರೆಕ್ಕೆಯ ಡ್ರ್ಯಾಗನ್ ಈ ಪುಸ್ತಕದಲ್ಲಿಲ್ಲ, ಅದನ್ನು ನಿರೀಕ್ಷಿಸಿ ಕೊಂಡ ಮಕ್ಕಳಿಗೆ ನಿರಾಸೆಯಾಗುತ್ತದೆ. ನಿಜವಾದ ಎದುರಾಳಿ ಕಾಡು. ಹಳ್ಳಿಗಳನ್ನು ನುಂಗುತ್ತ, ಒಳಹೊಕ್ಕವರನ್ನು ಕೆಡಿಸಿ ಹೊರಕಳಿಸುವ ಕಾಡು. ಸುತ್ತ ಇಂಥ ದಟ್ಟ ಕಾಡಿದ್ದ ನಾಡಿನ ಜನ ಅದಕ್ಕೆ ಎಷ್ಟು ಹೆದರಿದ್ದರು, ಹೆದರಿಕೆಯ ಜೊತೆಗೇ ಎಷ್ಟು ಅವಲಂಬಿಸಿದ್ದರು ಎಂಬುದನ್ನು ಇಷ್ಟು ಚೆನ್ನಾಗಿ ಹಿಡಿದ ಕಾದಂಬರಿ ಈ ಗುಂಪಿನಲ್ಲಿ ಇನ್ನೊಂದಿಲ್ಲ.

ಮಾಂತ್ರಿಕನದು ಅಳೆದು ತೂಗಿದ ಮಂತ್ರ, ಅಕ್ಷರ ತಪ್ಪುವಂತಿಲ್ಲ. ಅಗ್ನ್ಯೆಶ್ಕಾಳದು ಕೈಅಂದಾಜಿನದು, ಅಜ್ಜಿ ಉಪ್ಪು ಹಾಕಿದ ಹಾಗೆ. ಇಬ್ಬರೂ ಒಟ್ಟಿಗೆ ಮಂತ್ರ ಹೇಳುವ ಭಾಗಗಳು ಬಹಳ ಸುಂದರ. ವರ್ಷದ ಅತ್ಯುತ್ತಮ ಕಾದಂಬರಿಗೆಂದು ಅಮೆರಿಕದ ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಬರಹಗಾರರ ಸಂಘ ಕೊಡುವ ನೆಬ್ಯುಲಾ ಪ್ರಶಸ್ತಿ ಸಿಕ್ಕಿದ್ದು ಸುಮ್ಮನೆ ಅಲ್ಲ.

ಕೊರತೆಯೂ ಇದೆ. ಮಾಂತ್ರಿಕ ಮೊದಲರ್ಧದುದ್ದಕ್ಕೂ ಹುಡುಗಿಯನ್ನು ಹೀಯಾಳಿಸುತ್ತಾನೆ, ಅದು ಪ್ರೇಮಕ್ಕೆ ತಿರುಗುವುದು ಹಲವು ಓದುಗರಿಗೆ ಒಗ್ಗುವುದಿಲ್ಲ, ಇಬ್ಬರ ವಯಸ್ಸಿನ ಅಂತರವೂ ನೂರು ವರ್ಷದ ಮೇಲಿನದು. ಆರಂಭದಲ್ಲೇ ರಾಜಕುಮಾರನೊಬ್ಬ ಬಲಾತ್ಕಾರಕ್ಕೆ ಯತ್ನಿಸುವ ದೃಶ್ಯವಿದೆ, ಮುಂದೆ ಮುಚ್ಚುಮರೆಯಿಲ್ಲದ ಪ್ರಣಯದ ದೃಶ್ಯವೂ ಇದೆ. ಹದಿನಾರಕ್ಕಿಂತ ಚಿಕ್ಕವರಿಗೆ ಕೊಡುವುದಾದರೆ ದೊಡ್ಡವರು ಮೊದಲು ಓದಿ ನೋಡುವುದು ಒಳ್ಳೆಯದು. ಅಧ್ಯಾಯಗಳು ಉದ್ದ, ವಾಕ್ಯಗಳೂ ಉದ್ದ, ಪುಟಗಳು ಸುಮಾರು 440. ಬಸ್ಸಿನಲ್ಲಿ ಹತ್ತು ಹತ್ತು ನಿಮಿಷ ಓದುವವರಿಗೆ ಇದು ಹೊಂದುವುದಿಲ್ಲ, ರಜೆಯಲ್ಲಿ ಹಿಡಿಯಿರಿ.

‘ಸ್ಪಿನ್ನಿಂಗ್ ಸಿಲ್ವರ್’ (2018) ಇದರ ಮುಂದುವರಿಕೆ ಅಲ್ಲ. ಎರಡನ್ನೂ ಯಾವ ಕ್ರಮದಲ್ಲಾದರೂ ಓದಬಹುದು. ಲಿತ್ವಾಸ್ ಎಂಬ ಹಿಮದ ನಾಡು, ಬಡ್ಡಿವ್ಯಾಪಾರದ ಯೆಹೂದಿ ಮನೆಯ ಹುಡುಗಿ ಮಿರ್ಯೆಮ್. ಅಪ್ಪ ಮೆದು ಸ್ವಭಾವದವನು, ಕೊಟ್ಟ ಸಾಲ ವಸೂಲಾಗದೆ ಮನೆಯವರು ಉಪವಾಸ ಬೀಳುತ್ತಾರೆ. ಮಗಳು ಲೆಕ್ಕದ ಪುಸ್ತಕ ಹಿಡಿದು ಮನೆಮನೆಗೆ ಹೊರಡುತ್ತಾಳೆ. ಬೆಳ್ಳಿಯನ್ನು ಬಂಗಾರ ಮಾಡಬಲ್ಲೆ ಎಂದು ಅವಳು ಆಡಿದ ಮಾತು ಹಿಮದ ರಾಜನ ಕಿವಿಗೆ ಬೀಳುತ್ತದೆ. ಹುಲ್ಲನ್ನು ಬಂಗಾರವಾಗಿ ನೂಲುವ ಹಳೆಯ ಜರ್ಮನ್ ಕಥೆಯನ್ನು ಪೂರ್ವ ಯುರೋಪಿಗೆ ತಂದು, ಸಾಲ ಕೊಟ್ಟವನನ್ನೇ ದುಷ್ಟನಾಗಿಸುವ ಜಾನಪದದ ಚಾಳಿಯ ಹಿಂದೆ ಯೆಹೂದಿಗಳ ಮೇಲಿನ ದ್ವೇಷ ಹೇಗೆ ಕೆಲಸ ಮಾಡಿತ್ತು ಎಂದು ನೋವಿಕ್ ತೋರಿಸಿದ್ದಾರೆ. ನಮ್ಮ ಮಟ್ಟಿಗೆ ಇಲ್ಲಿ ಹೆಸರಿಸಿದ ಪುಸ್ತಕಗಳಲ್ಲೆಲ್ಲ ಇದೇ ಶ್ರೇಷ್ಠ.

ಹಾಗಿದ್ದರೆ ಮೊದಲೇ ಯಾಕೆ ಕೊಡಬಾರದು? ಕಥೆ ಹೇಳುವವರು ಆರು ಜನ, ಎಲ್ಲರೂ ‘ನಾನು’ ಎಂದೇ ಶುರುಮಾಡುತ್ತಾರೆ, ಯಾರು ಮಾತಾಡುತ್ತಿದ್ದಾರೆ ಎಂದು ತಲೆಬರಹ ಹೇಳುವುದಿಲ್ಲ. ದನಿಯ ಮೇಲೆ ಗುರುತಿಸಬೇಕು. ಮೊದಲ ಮೂವರು ಸುಲಭ: ಲೆಕ್ಕದ ಮಾತು ಬಂದರೆ ಮಿರ್ಯೆಮ್, ಚಿಕ್ಕ ಚಿಕ್ಕ ವಾಕ್ಯ ಬಂದರೆ ರೈತನ ಮಗಳು ವಾಂಡಾ, ಅರಮನೆಯ ಮಾತಾದರೆ ಇರಿನಾ. ಅರ್ಧ ದಾರಿಯಲ್ಲಿ ಇನ್ನುಳಿದವರು ಸೇರುವಾಗ ಇಂಗ್ಲಿಷ್ ಕಾದಂಬರಿ ಓದಿ ಅಭ್ಯಾಸವಿಲ್ಲದವರು ಎಳೆ ಕಳೆದುಕೊಳ್ಳುತ್ತಾರೆ.

ಕೋಟು ರಷ್ಯದ್ದು, ಕಥೆ ಬೇರೆಯದು

‘ಶಾಡೋ ಅಂಡ್ ಬೋನ್’ 2012ರಲ್ಲಿ ಬಂತು, ‘ಸೀಜ್ ಅಂಡ್ ಸ್ಟಾರ್ಮ್’ 2013, ‘ರೂಯಿನ್ ಅಂಡ್ ರೈಸಿಂಗ್’ 2014. ರಾವ್ಕಾ ಎಂಬ ಕಲ್ಪಿತ ದೇಶ ಝಾರ್‌ಗಳ ಕಾಲದ ರಷ್ಯದ ಅಚ್ಚಿನಲ್ಲಿದೆ: ಬಡ ಸೈನಿಕರು, ವೈಭವದ ಅರಮನೆ, ರಾಜನ ಕಿವಿಯಲ್ಲಿ ಪಿಸುಗುಡುವ ಸನ್ಯಾಸಿ. ದೇಶವನ್ನು ಎರಡು ಹೋಳು ಮಾಡಿದ ಕತ್ತಲೆಯ ಪಟ್ಟಿ, ಅದನ್ನು ಸೀಳಬಲ್ಲ ಬೆಳಕು ಇರುವ ಅನಾಥ ಹುಡುಗಿ ಅಲೀನಾ. ಉತ್ತಮಪುರುಷ ನಿರೂಪಣೆ, ಚಿಕ್ಕ ವಾಕ್ಯ, ಅಧ್ಯಾಯದ ಕೊನೆಗೊಂದು ತಿರುವು. ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಇಂಗ್ಲಿಷ್ ಕಾದಂಬರಿಗೆ ಕೈ ಹಾಕುವ ಪಿಯುಸಿ ಹುಡುಗ-ಹುಡುಗಿಯರಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಸುಲಭದ ಬಾಗಿಲಿಲ್ಲ.

ಜಾನಪದ ಎಷ್ಟಿದೆ? ಮೂರು ಪುಸ್ತಕಗಳಲ್ಲಿ ಅಲೀನಾ ಬೆನ್ನಟ್ಟುವ ಮೂರು ಪ್ರಾಣಿಗಳಲ್ಲಿ ಒಂದು ಬೆಂಕಿಹಕ್ಕಿ. ಅದು ನೇರವಾಗಿ ರಷ್ಯನ್ ಕಥೆಗಳದ್ದು. ಧಗೆಯಿಂದ ಕುದಿಯುವ ಗುಡಿಸಲಿನಲ್ಲಿ ಕೂತು ಬೈಯುತ್ತ ಪಾಠ ಹೇಳುವ ಮುದುಕಿ ಬಾಘ್ರಾಳಲ್ಲಿ ಬಾಬಾ ಯಾಗಾಳ ಛಾಯೆ ಇದೆ. ಉಳಿದದ್ದು ಆರಿಸಲ್ಪಟ್ಟ ನಾಯಕಿಯ ಕಥೆಯ ಪರಿಚಿತ ಚೌಕಟ್ಟು.

ರಷ್ಯನ್ ಬಲ್ಲವರು ಇದರಲ್ಲಿ ಮುಖ್ಯವಾಗಿ ಮೂರು ತಪ್ಪು ಎತ್ತಿ ತೋರಿಸುತ್ತಾರೆ. ಮಾಯಾಶಕ್ತಿ ಇರುವವರನ್ನು ಇಲ್ಲಿ ‘ಗ್ರಿಶಾ’ ಎನ್ನುತ್ತಾರೆ. ಆದರೆ ಅದು ಗ್ರಿಗೋರಿ ಎಂಬ ಹೆಸರನ್ನು ಮನೆಯಲ್ಲಿ ಚುಟುಕಾಗಿ ಕರೆಯುವ ರೂಪ. ಸೈನ್ಯಕ್ಕೆ ‘ಸೀನನ ಪಡೆ’ ಎಂದು ಗಂಭೀರವಾಗಿ ಹೆಸರಿಟ್ಟಂತೆ. ಎರಡನೆಯದು ಲಿಂಗ. ರಷ್ಯನ್‌ನಲ್ಲಿ ಗಂಡಿಗೆ ‘-ಒವ್’, ಹೆಣ್ಣಿಗೆ ‘-ಒವಾ’. ಇಲ್ಲಿ ಹುಡುಗಿ ಅಲೀನಾ ‘ಸ್ತಾರ್ಕೊವ್’, ಗಂಡಸು ಇಲ್ಯಾ ‘ಮೊರೊಜೊವಾ’. ಎರಡೂ ತಲೆಕೆಳಗು. ಮೂರನೆಯದು ಕ್ವಾಸ್: ಪುಸ್ತಕದ ಸೈನಿಕರು ಅದನ್ನು ಕುಡಿದು ಅಮಲೇರುತ್ತಾರೆ. ನಿಜವಾದ ಕ್ವಾಸ್ ರೈ ಬ್ರೆಡ್ಡನ್ನು ಹುಳಿಬರಿಸಿ ಮಾಡುವ ಪಾನೀಯ, ಮಕ್ಕಳಿಗೂ ಕೊಡುವಷ್ಟು ಸಪ್ಪೆ. ಇವು ಕಥೆಯ ಓಟಕ್ಕೆ ಅಡ್ಡಿಯಲ್ಲ. ಆದರೆ ರಷ್ಯದ ಬದುಕನ್ನು ತಿಳಿಯಲೆಂದು ಯಾರಾದರೂ ಕೇಳಿದರೆ ಈ ಪುಸ್ತಕ ಕೊಡಬೇಡಿ, ಆರ್ಡೆನ್ ಕೊಡಿ.

ಇನ್ನು ಕೊಳ್ಳುವ ಕ್ರಮದ ಗೊಂದಲ. ‘ಸಿಕ್ಸ್ ಆಫ್ ಕ್ರೋಸ್’ (2015), ‘ಕ್ರೂಕೆಡ್ ಕಿಂಗ್‌ಡಮ್’ (2016) ಅದೇ ಲೋಕದಲ್ಲಿ ನಡೆದರೂ ಊರು ಆಮ್‌ಸ್ಟರ್‌ಡ್ಯಾಮ್‌ನ ಮಾದರಿಯದು, ಕಥೆ ಕಳ್ಳತನದ್ದು. ಬರವಣಿಗೆಯಾಗಿ ಬಾರ್ಡೂಗೊ ಅವರ ಅತ್ಯುತ್ತಮ ಜೋಡಿ ಇದೇ, ಆದರೆ ಸ್ಲಾವಿಕ್ ಜಾನಪದ ಹುಡುಕಿ ಬಂದವರಿಗೆ ಇಲ್ಲಿ ಏನೂ ಸಿಗದು. ‘ಕಿಂಗ್ ಆಫ್ ಸ್ಕಾರ್ಸ್’ (2019), ‘ರೂಲ್ ಆಫ್ ವೂಲ್ವ್ಸ್’ (2021) ಮತ್ತೆ ರಾವ್ಕಾಕ್ಕೆ ಮರಳುತ್ತವೆ, ಹಿಂದಿನ ಐದನ್ನೂ ಓದದೆ ಮುಟ್ಟಬೇಡಿ, ಮೊದಲ ಅಧ್ಯಾಯಗಳಲ್ಲೇ ಹಳೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ. ನೆಟ್‌ಫ್ಲಿಕ್ಸ್‌ನ 2021 ಮತ್ತು 2023ರ ಧಾರಾವಾಹಿ ನೋಡಿ ಬಂದವರಿಗೂ ಒಂದು ಮಾತು: ಅದರಲ್ಲಿ ಎರಡು ಸರಣಿಯ ಪಾತ್ರಗಳನ್ನು ಬೆರೆಸಿದ್ದಾರೆ, ಎರಡು ಸೀಸನ್‌ಗೇ ನಿಂತೂಹೋಯಿತು. ಪುಸ್ತಕದಲ್ಲಿ ‘ಸಿಕ್ಸ್ ಆಫ್ ಕ್ರೋಸ್’ನ ಕಾಜ್ ಮತ್ತು ಇನೇಜ್ ‘ಶಾಡೋ ಅಂಡ್ ಬೋನ್’ನಲ್ಲಿ ಬರುವುದೇ ಇಲ್ಲ.

ಉಳಿದವು, ಚುಟುಕಾಗಿ

ಒಂಬತ್ತರಿಂದ ಹನ್ನೆರಡರ ಮಕ್ಕಳಿಗೆ ಸೋಫಿ ಆಂಡರ್ಸನ್ ಅವರ ‘ದ ಹೌಸ್ ವಿತ್ ಚಿಕನ್ ಲೆಗ್ಸ್’ (2018). ಇದರ ಯಾಗಾ ಸತ್ತವರನ್ನು ಆಚೆ ದಾಟಿಸುವ ಅಜ್ಜಿ. ಸಾವನ್ನು ಇಷ್ಟು ಮೃದುವಾಗಿ ಮಕ್ಕಳಿಗೆ ಹೇಳುವ ಪುಸ್ತಕ ಅಪರೂಪ. ಗ್ರೆಗರಿ ಮಗ್ವಾಯರ್ ಅವರ ‘ಎಗ್ ಅಂಡ್ ಸ್ಪೂನ್’ (2014) ಹನ್ನೆರಡರ ಮೇಲಿನವರಿಗೆ. ಹಸಿದ ಹಳ್ಳಿಯ ಹುಡುಗಿ ಮತ್ತು ಸಿರಿವಂತರ ಮನೆಯ ಹುಡುಗಿ ಅದಲುಬದಲಾಗುತ್ತಾರೆ, ವಟಗುಟ್ಟುವ ಬಾಬಾ ಯಾಗಾ ನಗಿಸುತ್ತಾಳೆ, ಆದರೆ ಇಂಗ್ಲಿಷ್ ಬಹಳ ಬಳಸುದಾರಿಯದು. ಎವೆಲಿನ್ ಸ್ಕೈ ಅವರ ‘ದ ಕ್ರೌನ್ಸ್ ಗೇಮ್’ (2016) 1825ರ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇಬ್ಬರು ಮಾಂತ್ರಿಕರ ಪಂದ್ಯ. ಊರಿನ ಚಿತ್ರಣ ಚೆಂದ, ಜಾನಪದ ತೆಳು. ಎಮಿಲಿ ಡಂಕನ್ ಅವರ ‘ವಿಕೆಡ್ ಸೇಂಟ್ಸ್’ (2019) ರಕ್ತದ ಮಾಟ, ಯುದ್ಧ, ದೇವರ ಜೊತೆ ಮಾತು. ಕತ್ತಲೆಯ ಕಥೆ ಬೇಕೆನ್ನುವವರಿಗೆ ಮಾತ್ರ.

ಒಂದು ಎಚ್ಚರಿಕೆ. ಕ್ಯಾಥರಿನ್ ವ್ಯಾಲೆಂಟಿ ಅವರ ‘ಡೆತ್‌ಲೆಸ್’ (2011) ಕೊಶ್ಚೆಯ್ ಮತ್ತು ಯೋಧೆ ರಾಜಕುಮಾರಿ ಮಾರ್ಯಾ ಮೊರೆವ್ನಾರ ಕಥೆಯನ್ನು ಎರಡನೇ ಮಹಾಯುದ್ಧದ ಲೆನಿನ್‌ಗ್ರಾದ್ ಮುತ್ತಿಗೆಯ ಹಸಿವಿನೊಳಗೆ ಹೆಣೆದ ದೊಡ್ಡ ಕೃತಿ. ಅಂಗಡಿಯಲ್ಲಿ ಇದನ್ನು ಹದಿಹರೆಯದವರ ಪುಸ್ತಕಗಳ ಪಕ್ಕದಲ್ಲೇ ಇಟ್ಟಿದ್ದರೂ ಇದು ಪೂರ್ತಿ ವಯಸ್ಕರದ್ದು, ಲೈಂಗಿಕತೆ ಮತ್ತು ಕ್ರೌರ್ಯ ಎರಡೂ ಧಾರಾಳ.

ಹೊಸ ಹೆಸರು ಕಂಡಾಗ ಪರೀಕ್ಷಿಸುವ ಬಗೆ

ಅಂಗಡಿಯಲ್ಲೋ ಆನ್‌ಲೈನ್ ಮಾದರಿ ಪುಟಗಳಲ್ಲೋ ಮೊದಲ ಇಪ್ಪತ್ತು ಪುಟ ಓದಿ. ಒಲೆ ಹುಡುಕಿ. ರಷ್ಯನ್ ಹಳ್ಳಿಮನೆಯ ಒಲೆ ಇಟ್ಟಿಗೆಯ ದೊಡ್ಡ ಕಟ್ಟೋಣ, ಮೇಲೆ ಮುದುಕರೂ ಮಕ್ಕಳೂ ಮಲಗುತ್ತಾರೆ, ಹಿಂದೆ ದೊಮೊವೊಯ್ ಇರುತ್ತಾನೆ. ಚಳಿಗಾಲದ ಕಥೆಯಲ್ಲಿ ಸೌದೆಯ ಚಿಂತೆ, ದಾಸ್ತಾನು ಮುಗಿಯುವ ಭಯ ಕಾಣದೆ ಬರೀ ಬೆಳ್ಳನೆಯ ಹಿಮವಷ್ಟೇ ಇದ್ದರೆ ಲೇಖಕರು ಚಿತ್ರ ನೋಡಿ ಬರೆದಿದ್ದಾರೆ ಎಂದುಕೊಳ್ಳಿ. ಆಮೇಲೆ ಹೆಣ್ಣುಮಕ್ಕಳ ಹೆಸರಿನ ಕೊನೆ ನೋಡಿ. ರಷ್ಯನ್ ಮನೆತನದ ಹೆಸರು ‘-ಒವಾ’, ‘-ಇನಾ’, ‘-ಸ್ಕಾಯಾ’ ಎಂದು ಮುಗಿಯುತ್ತಿದ್ದರೆ ಕೆಲಸ ಮಾಡಿದ್ದಾರೆ. ಎಲ್ಲಕ್ಕಿಂತ ಮುಖ್ಯ, ಬಾಬಾ ಯಾಗಾ. ಅವಳು ಬರೀ ದುಷ್ಟೆಯಾಗಿದ್ದರೆ ಲೇಖಕರು ಮೂಲ ಓದಿಲ್ಲ. ಮೂಲದಲ್ಲಿ ಅವಳು ತಿನ್ನುತ್ತೇನೆಂದು ಹೆದರಿಸುತ್ತಾಳೆ, ಕೆಲಸ ಹೇಳುತ್ತಾಳೆ, ಮಾಡಿ ಮುಗಿಸಿದವಳಿಗೆ ಬೇಕಾದ್ದನ್ನು ಕೊಟ್ಟೂ ಕಳಿಸುತ್ತಾಳೆ. ನಮ್ಮ ಅಡಗೂಲಜ್ಜಿ ದಾರಿ ತಪ್ಪಿದವರಿಗೆ ನೆರವಾಗುವವಳು. ಯಾಗಾಳಲ್ಲಿ ಅವಳೂ ಇದ್ದಾಳೆ, ರಾಕ್ಷಸಿಯೂ ಇದ್ದಾಳೆ.

ಮೊದಲು ಮೂಲದ ನಾಲ್ಕು ಕಥೆ

ಯಾವ ಕಾದಂಬರಿ ಆರಿಸಿದರೂ ಅದಕ್ಕೆ ಮುನ್ನ ಒಂದು ಸಂಜೆ ಮೂಲ ಕಥೆಗಳಿಗೆ ಕೊಡಿ. ಅಲೆಕ್ಸಾಂದ್ರ್ ಅಫನಾಸ್ಯೆವ್ 1855ರಿಂದ 1863ರವರೆಗೆ ಎಂಟು ಭಾಗಗಳಲ್ಲಿ ಸುಮಾರು ಆರುನೂರು ಕಥೆ ಪ್ರಕಟಿಸಿದರು, ಈ ಕಾದಂಬರಿಗಳ ತವರು ಅದೇ. ಆರ್ಥರ್ ರ‍್ಯಾನ್ಸಮ್ 1916ರಲ್ಲಿ ಮಕ್ಕಳಿಗೆಂದು ಮರುಹೇಳಿದ ‘ಓಲ್ಡ್ ಪೀಟರ್ಸ್ ರಷ್ಯನ್ ಟೇಲ್ಸ್’ನ ಇಂಗ್ಲಿಷ್ ತಿಳಿಯಾದದ್ದು, ರಾಲ್‌ಸ್ಟನ್ ಅವರ 1873ರ ಅನುವಾದ ಗಟ್ಟಿ, ಎರಡೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮಾಸ್ಕೋದಲ್ಲಿ ಅಚ್ಚಾಗಿ ನವಕರ್ನಾಟಕದ ಮಳಿಗೆಗಳಲ್ಲಿ ಸಿಗುತ್ತಿದ್ದ ರಷ್ಯನ್ ಮಕ್ಕಳ ಪುಸ್ತಕಗಳು ಮನೆಯ ಅಟ್ಟದಲ್ಲಿ ಉಳಿದಿದ್ದರೆ ಅವನ್ನೂ ಇಳಿಸಿ ನೋಡಿ.

ಆರ್ಡೆನ್ ಓದುವವರು ‘ಮೊರೊಜ್ಕೊ’ ಮತ್ತು ‘ಸುಂದರಿ ವಾಸಿಲೀಸಾ’ ಓದಿಕೊಳ್ಳಿ. ಎರಡನೆಯದರಲ್ಲಿ ತಾಯಿ ಕೊಟ್ಟ ಗೊಂಬೆ, ಬಿಳಿ-ಕೆಂಪು-ಕಪ್ಪು ಸವಾರರು, ಕಣ್ಣು ಉರಿಯುವ ತಲೆಬುರುಡೆಯ ದೀಪ ಎಲ್ಲವೂ ಇವೆ. ಸಾರಾ ಪೋರ್ಟರ್ ‘ವಾಸ್ಸಾ ಇನ್ ದ ನೈಟ್’ನಲ್ಲಿ (2016) ಇದೇ ಕಥೆಯನ್ನು ಬ್ರೂಕ್ಲಿನ್ನಿನ ಅಂಗಡಿಗೆ ಎಳೆದು ತಂದದ್ದು. ಬಾರ್ಡೂಗೊ ಓದುವವರಿಗೆ ಬೆಂಕಿಹಕ್ಕಿಯ ಕಥೆ ಸಾಕು. ವ್ಯಾಲೆಂಟಿಗೆ ‘ಮಾರ್ಯಾ ಮೊರೆವ್ನಾ’, ರಾಲ್‌ಸ್ಟನ್‌ನಲ್ಲಿದೆ. ಕೊಶ್ಚೆಯ್‌ನ ಪ್ರಾಣದ ಗುಟ್ಟು ಹೇಳುವ ಇತರ ಕಥೆಗಳಲ್ಲಿ ದ್ವೀಪದ ಓಕ್ ಮರದಡಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮೊಲ, ಮೊಲದೊಳಗೆ ಬಾತುಕೋಳಿ, ಬಾತಿನೊಳಗೆ ಮೊಟ್ಟೆ, ಮೊಟ್ಟೆಯೊಳಗೆ ಸೂಜಿ ಇರುತ್ತದೆ. ಏಳು ಸಮುದ್ರದಾಚೆಯ ಗಿಣಿಯಲ್ಲಿ ರಾಕ್ಷಸನ ಪ್ರಾಣವಿರುವ ಕಥೆಯನ್ನು ಕೇಳಿದ ಮಕ್ಕಳು ಅದನ್ನು ಥಟ್ಟನೆ ಗುರುತಿಸುತ್ತಾರೆ, ಆ ಮಕ್ಕಳಿಗೆ ಮೊದಲು ಅದನ್ನೇ ಓದಿಸಿ.